ಮುರಿತದಾಚೆಯ ಚುಕ್ಕಿ

"ಆ ಹಳದಿ ಗೆರೆ ತೆಗೀರಿ" ಎಂದರು ಇನ್‌ಸ್ಪೆಕ್ಟರಮ್ಮ.

ಸತ್ತ ಮುದುಕರ ಅಳಿಯ ತೆಗೆಯಲಿಲ್ಲ. ಕೈ ಮೌಸಿನ ಮೇಲೆಯೇ ಇತ್ತು. ಬೆರಳು ಮಾತ್ರ ಇನ್ಯಾರದೋ ಅಪ್ಪಣೆಗೆ ಕಾಯುತ್ತಿರುವಂತೆ ನಿಂತುಬಿಟ್ಟಿತ್ತು.

"ತೆಗೆದ್ರೆ ನಿಮಗೆ ನೋಡೋಕೆ ಏನೂ ಉಳಿಯಲ್ಲ ಮೇಡಂ. ನಮ್ಮ ಕೆಲಸ ಅಂದ್ರೆ ಆ ಗೆರೆನೇ."

"ಕೆಲಸ ನೋಡಾಯ್ತು. ಅದರ ಕೆಳಗೆ ಏನಿದೆ ಅಂತ ನೋಡ್ಬೇಕು."

ಕೋಣೆಯ ಕಿಟಕಿಗಳಿಗೆಲ್ಲ ಪರದೆ ಎಳೆದಿತ್ತು. ಹೊರಗೆ ಹಗಲು ಇನ್ನೂ ಸತ್ತಿರಲಿಲ್ಲ, ಆದರೆ ಮೋಡ ಕವಿದು, ಇದ್ದೂ ಇಲ್ಲದಂತಿತ್ತು. ಒಳಗೆ ಕಂಪ್ಯೂಟರುಗಳ ಬೆಳಕಿನಲ್ಲಿ ಎಲ್ಲರ ಮುಖವೂ ಕಾಯಿಲೆ ಬಿದ್ದು ಎದ್ದವರದ್ದೇ. ಗುಡ್ಡದ ಅಡಿಯಲ್ಲಿ ನೀರಿನ ಸುರಂಗ ಕೊರೆಯುವಾಗ ಬಂಡೆ ಬಿರಿದು ನೀರು ನುಗ್ಗಿ ಏಳು ಜನ ಸತ್ತಿದ್ದರು. ಅಲ್ಲಿ ಬಂಡೆ ಎಲ್ಲೂ ಮುರಿದಿಲ್ಲ ಎಂಬ ನಕ್ಷೆಗೆ ಸಹಿ ಹಾಕಿದ್ದ ಮುದುಕರು ಆ ವಾರವೇ ಈ ಕಟ್ಟಡದ ತಾರಸಿಯಿಂದ ಬಿದ್ದು ಸತ್ತಿದ್ದರು. ಇಷ್ಟು ಎಲ್ಲರಿಗೂ ಗೊತ್ತಿತ್ತು. ಇದಕ್ಕಿಂತ ಹೆಚ್ಚು ತಿಳಿಯುವ ಆಸೆ ಯಾರಿಗೂ ಇದ್ದಂತೆ ಕಾಣಲಿಲ್ಲ.

ಕಚೇರಿಯವರು ಆ ಮುದುಕರನ್ನು ಪದರಪ್ಪ ಎಂದೇ ಕರೆಯುತ್ತಿದ್ದರು. ನೆಲಕ್ಕೆ ದೊಡ್ಡ ಲಾರಿಯಿಂದ ಗುದ್ದು ಕೊಟ್ಟು, ಆಳದ ಬಂಡೆಗೆ ತಾಗಿ ಮರಳಿ ಬಂದ ಸದ್ದನ್ನು ಹಿಡಿದು, ಅದನ್ನು ಪಟ್ಟೆಪಟ್ಟೆಯ ಚಿತ್ರ ಮಾಡುವುದು ಈ ಕಚೇರಿಯ ಕಸುಬು. ಆ ಪಟ್ಟೆಗಳಲ್ಲಿ ಒಂದನ್ನು ಹಿಡಿದುಕೊಂಡು ಗುಡ್ಡದ ಈ ತುದಿಯಿಂದ ಆ ತುದಿಯವರೆಗೆ ತಪ್ಪದೆ ಹೋಗುವುದು ಪದರಪ್ಪನವರ ಕಸುಬು. ಮಾವ ಕಣ್ಣಿನಲ್ಲಿ ಮಾಡುತ್ತಿದ್ದುದನ್ನು ಅಳಿಯ ಬಂದು ಯಂತ್ರಕ್ಕೆ ಕಲಿಸಿದ. ಅಳಿಯ ಅಲ್ಲ, ಮಗಳ ಗಂಡ ಎಂಬ ಗಾದೆಯನ್ನು ಹೇಳಿಕೊಂಡು ಕಚೇರಿಯವರು ಚಹದ ಹೊತ್ತಿಗೆ ನಗುತ್ತಿದ್ದರಂತೆ. ಮಾವ ಅಳಿಯ ಇಬ್ಬರೂ ಆ ನಗುವಿನಲ್ಲಿ ಸೇರಿಕೊಳ್ಳುತ್ತಿದ್ದರಂತೆ.

ಇನ್‌ಸ್ಪೆಕ್ಟರಮ್ಮನಿಗೂ ಒಂದು ಅಡ್ಡಹೆಸರಿತ್ತು. ಠಾಣೆಯವರು ಅವರ ಬೆನ್ನ ಹಿಂದೆ ಅಗುಳಿ ಎನ್ನುತ್ತಿದ್ದರು. ಆಕೆ ಒಮ್ಮೆ ಒಳಗಿನಿಂದ ಅಗುಳಿ ಹಾಕಿದರೆಂದರೆ, ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬರುವ ತನಕ ಒಳಗಿದ್ದವರು ಹೊರಗೆ ಹೋಗುವ ಹಾಗಿರಲಿಲ್ಲ. ಅದು ತಮ್ಮ ಕಿವಿಗೆ ಬಿದ್ದಿಲ್ಲ ಎಂಬಂತೆ ಅವರು ನಡೆದುಕೊಳ್ಳುತ್ತಿದ್ದರು. ಒಳ್ಳೆಯ ಅಡ್ಡಹೆಸರನ್ನು ಕೇಳಿಸಿಕೊಂಡು ಕೆಡಿಸಬಾರದು ಎಂಬುದು ಅವರ ಮತ.

ಇವತ್ತು ಇನ್ನೂ ಅಗುಳಿ ಹಾಕಿರಲಿಲ್ಲ. ಹಾಕುವಷ್ಟು ಕಾರಣ ಸಿಕ್ಕಿರಲಿಲ್ಲ. ಮೇಲಧಿಕಾರಿಗಳು ಫೋನ್ ಮಾಡಿ, ಸತ್ತವರು ತಮ್ಮ ತಪ್ಪಿಗೆ ತಾವೇ ಶಿಕ್ಷೆ ವಿಧಿಸಿಕೊಂಡ ಮೇಲೆ ಪೊಲೀಸರಿಗೆ ಉಳಿಯುವುದೇನು, ಸಂಜೆಯೊಳಗೆ ಕಡತ ಮುಚ್ಚಿ ಎಂದಿದ್ದರು. ಮುಚ್ಚುವುದು ಸುಲಭವೇ. ಸತ್ತವರ ಹೆಗಲು ಬಹಳ ಒಳ್ಳೆಯದು, ಎಷ್ಟು ಹೊರಿಸಿದರೂ ಕೊಡವಿಕೊಳ್ಳುವುದಿಲ್ಲ. ಏಳು ಹೆಣಗಳ ಭಾರ ಪದರಪ್ಪನ ತಲೆಗೆ ಕಟ್ಟಿ ಎಲ್ಲರೂ ಊಟಕ್ಕೆ ಹೋಗಬಹುದಿತ್ತು.

ಅಡ್ಡ ಬಂದದ್ದು ಅವರ ಮಗಳು.

ಬೆಳಗ್ಗೆ ಇನ್‌ಸ್ಪೆಕ್ಟರಮ್ಮ ಅವರ ಮನೆಗೆ ಹೋಗಿದ್ದರು. ಚಿಕ್ಕ ಮನೆ. ಸಾವಿಗೆ ಬಂದ ನೆಂಟರು ಸಾಮಾನನ್ನೆಲ್ಲ ಅತ್ತಿತ್ತ ಮಾಡಿ, ಸಹಾಯ ಮಾಡಿದ ತೃಪ್ತಿಯಲ್ಲಿ ಹೊರಟುಹೋಗಿದ್ದರು. ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಚಹದ ಫ್ಲಾಸ್ಕುಗಳು. ಕಡುಗೆಂಪು ಮುಚ್ಚಳದ್ದು ಸಕ್ಕರೆ ಹಾಕಿದ್ದು, ಕಪ್ಪು ಮುಚ್ಚಳದ್ದು ಅಪ್ಪನದ್ದು, ಸಕ್ಕರೆ ಇಲ್ಲದ್ದು. ಅಪ್ಪ ಹೋದರೂ ಆಕೆ ದಿನಾ ಅದನ್ನು ತುಂಬಿಸುವುದು ಬಿಟ್ಟಿರಲಿಲ್ಲ. ಕೈ ತಾನಾಗಿ ಮಾಡುತ್ತದೆ ಮೇಡಂ, ಸಂಜೆ ಚೆಲ್ಲುತ್ತೇನೆ ಎಂದಳು. ಮೊದಲಾದರೆ ಎಡಗಡೆಯದ್ದು ಅಪ್ಪನದ್ದೇ, ಕಣ್ಣು ಮುಚ್ಚಿಕೊಂಡು ತೆಗೆಯುತ್ತಿದ್ದೆ, ಅತ್ತೆ ಬಂದು ಎಲ್ಲ ಅದಲುಬದಲು ಮಾಡಿಬಿಟ್ಟಿದ್ದಾರೆ ಎಂದೂ ಹೇಳಿದಳು.

ಇನ್‌ಸ್ಪೆಕ್ಟರಮ್ಮ ತಮಗೂ ಸಕ್ಕರೆ ಕಾಯಿಲೆ ಎಂದಿದ್ದರು. ಆಕೆ ಒಂದು ಮುಚ್ಚಳ ತಿರುಗಿಸಿ, ಇದು ಅಪ್ಪನದ್ದೇ ಎನ್ನುತ್ತ ಲೋಟಕ್ಕೆ ಬಗ್ಗಿಸಿದ್ದಳು. ಬಾಯಿಗಿಟ್ಟರೆ ಪಾನಕ. ಅಪ್ಪನನ್ನು ಕಳೆದುಕೊಂಡ ಹುಡುಗಿಗೆ ಚಹದಲ್ಲಿ ತಪ್ಪು ತೋರಿಸುವ ಪೊಲೀಸರು ಇನ್ನೂ ಹುಟ್ಟಿಲ್ಲ. ಪೂರ್ತಿ ಕುಡಿದಿದ್ದರು.

"ಅಪ್ಪ ತಪ್ಪು ಮಾಡಿಲ್ಲ ಮೇಡಂ" ಎಂದಿದ್ದಳು ಆಕೆ. "ಆ ಪದರ ಸರಿಯಾಗೇ ಇದೆ. ನಾನೇ ಕಣ್ಣಾರೆ ನೋಡಿದೀನಿ. ತಪ್ಪೇ ಇಲ್ಲದ ಮೇಲೆ ನಾಚಿಕೆಪಟ್ಟು ಯಾಕೆ ಸಾಯ್ತಾರೆ?"

ಆಕೆಯೂ ಅದೇ ಕಚೇರಿಯವಳು, ಮೇಲಿನ ಮಹಡಿಯಲ್ಲಿ ವರದಿಗಳನ್ನು ಅಚ್ಚಿಗೆ ಸಿದ್ಧಪಡಿಸುವ ಕೆಲಸ. ಅಪ್ಪ ಬಿದ್ದ ಸಂಜೆ ತಾನು ಮನೆಯಲ್ಲಿದ್ದೆ, ಫೋನ್ ಬಂದಾಗಲೇ ಗೊತ್ತಾದದ್ದು ಎಂದು ಹೇಳಿಕೆ ಕೊಟ್ಟಿದ್ದಳು. ಅಳಿಯನ ಹೇಳಿಕೆಯೂ ಅದಕ್ಕೆ ಹೊಂದುತ್ತಿತ್ತು. ತಾರಸಿಯಲ್ಲಿ ಮುದುಕರ ಜೊತೆ ಯಾರೂ ಇರಲಿಲ್ಲ ಎಂದೇ ಕಡತದಲ್ಲಿತ್ತು.

ಯಾವ ಮಗಳು ತಾನೇ ಅಪ್ಪನ ತಪ್ಪನ್ನು ಒಪ್ಪುತ್ತಾಳೆ? ಹಾಗೆಂದುಕೊಂಡೇ ಇನ್‌ಸ್ಪೆಕ್ಟರಮ್ಮ ಮನೆಯಿಂದ ಹೊರಟಿದ್ದರು. ಆದರೂ ಕಾಲು ಠಾಣೆಗೆ ಹೋಗದೆ ಇಲ್ಲಿಗೆ ಬಂದಿತ್ತು.

"ಗೆರೆ" ಎಂದರು ಮತ್ತೆ.

ಅಳಿಯ ಬೆರಳು ಒತ್ತಿದ. ಹಳದಿ ಗೆರೆ ಮಾಯವಾಯಿತು. ಪರದೆಯ ತುಂಬ ಕೆಂಪು, ಬಿಳಿ, ಕಪ್ಪು, ಮತ್ತೆ ಬಿಳಿ, ಕೆಂಪು, ಒಂದರ ಕೆಳಗೊಂದು ಪಟ್ಟೆಗಳು, ಯಾರೋ ನೆಲವನ್ನು ಉದ್ದಕ್ಕೆ ಕೊಯ್ದು ಬಿಚ್ಚಿಟ್ಟಂತೆ.

"ಈಗ ನಿಮ್ಮ ಯಂತ್ರ ಹೇಗೆ ಹೋಗುತ್ತೆ ತೋರಿಸಿ. ಮಗುಗೆ ಹೇಳೋ ಹಾಗೆ ಹೇಳಿ. ನಾನು ಕಾಲೇಜಲ್ಲಿ ಓದಿದ್ದು ಇತಿಹಾಸ."

ಕೆಲಸದ ಮಾತು ಬಂದಾಗ ಅವನ ದನಿ ಸ್ವಲ್ಪ ಗಟ್ಟಿಯಾಯಿತು. ಮೊದಲು ಒಬ್ಬ ಮನುಷ್ಯ ಪಟ್ಟೆಯ ಮೇಲೆ ಒಂದು ಚುಕ್ಕಿ ಇಡಬೇಕು. ಅಲ್ಲಿಂದ ಯಂತ್ರ ಪಕ್ಕದ ಸದ್ದನ್ನು ನೋಡುತ್ತದೆ, ಅದರಲ್ಲಿ ತನ್ನದನ್ನು ಹೋಲುವ ಜಾಗ ಹುಡುಕಿ ಅಲ್ಲಿಗೆ ಹೆಜ್ಜೆ ಇಡುತ್ತದೆ, ಮತ್ತೆ ಅದರ ಪಕ್ಕ. ಕಣ್ಣಿಲ್ಲದವರು ಗೋಡೆ ಸವರಿಕೊಂಡು ನಡೆದ ಹಾಗೆ. ಕೆಂಪಿನ ಮೇಲೆ ಹೊರಟರೆ ಕೆಂಪನ್ನೇ, ಕಪ್ಪಿನ ಮೇಲೆ ಹೊರಟರೆ ಕಪ್ಪನ್ನೇ ಹಿಡಿದು ಹೋಗುತ್ತದೆ.

"ಇಡಿ ಒಂದು ಚುಕ್ಕಿ."

ಎಡತುದಿಯಲ್ಲಿ, ಒಂದು ಕೆಂಪು ಪಟ್ಟೆಯ ಮೇಲೆ ಇಟ್ಟ. ಹಳದಿ ಗೆರೆ ಇರುವೆಯಂತೆ ಹೊರಟಿತು. ಏರಿತು, ಇಳಿಯಿತು, ಪರದೆಯ ಮಧ್ಯಕ್ಕೆ ಬಂತು, ನಿಂತಿತು.

"ಯಾಕೆ ನಿಲ್ತು?"

ಅವನು ಮೌಸಿನಿಂದ ಕೈ ತೆಗೆದ. "ಮುಂದೆ ಮುರಿತ ಇದೆ."

ಇನ್‌ಸ್ಪೆಕ್ಟರಮ್ಮ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ನೋಡಿದರೆ ಹೌದು. ಅಲ್ಲೊಂದು ಸಣ್ಣ ಓರೆ ಸೀಳು. ಅದರಾಚೆಯ ಪಟ್ಟೆಗಳೆಲ್ಲ ಕೊಂಚ ಕೆಳಕ್ಕೆ ಜಾರಿದ್ದವು. ಬಹಳವಲ್ಲ. ಈಚೆಯ ಕೆಂಪಿಗೆ ಆಚೆ ಕಪ್ಪು ಎದುರಾಗುವಷ್ಟು, ಈಚೆಯ ಕಪ್ಪಿಗೆ ಆಚೆ ಕೆಂಪು. ಸುರಂಗದವರಿಗೆ ಎಲ್ಲೂ ಇಲ್ಲವೆಂದು ಹೇಳಿದ್ದ ಮುರಿತ, ನೀರು ದಾರಿ ಮಾಡಿಕೊಂಡು ಬಂದ ಮುರಿತ, ಕಿರುಬೆರಳ ಉಗುರಿನಷ್ಟು ಜಾಗದಲ್ಲಿ ಸುಮ್ಮನೆ ಕೂತಿತ್ತು.

"ಬಲವಂತ ಮಾಡಿದ್ರೆ ದಾಟುತ್ತಾ?"

"ಹೋಲಿಕೆ ಅಷ್ಟು ಬಿಗಿಯಾಗಿ ನೋಡ್ಬೇಡ ಅಂತ ಹೇಳ್ಬಹುದು." ಅವನು ಯಾವುದೋ ಅಂಕಿ ಬದಲಿಸಿದ. ಗೆರೆ ಮತ್ತೆ ಹೊರಟಿತು. ಸೀಳಿನ ಬಳಿ ಒಂದು ಕ್ಷಣ ತಡವರಿಸಿ, ಮೇಲಿನ ಕೆಂಪು ಪಟ್ಟೆಗೆ ಛಕ್ಕನೆ ಹಾರಿ, ಏನೂ ಆಗಿಲ್ಲವೆಂಬಂತೆ ಮುಂದೆ ಸಾಗಿತು.

"ಮೇಲಕ್ಕೆ ಹಾರ್ತು" ಎಂದರು ಇನ್‌ಸ್ಪೆಕ್ಟರಮ್ಮ. "ಆದ್ರೆ ವರದಿಯಲ್ಲಿರೋ ಗೆರೆ ಮೇಲೂ ಹೋಗಿಲ್ಲ, ಕೆಳಗೂ ಹೋಗಿಲ್ಲ. ನೆಟ್ಟಗೆ ಹೋಗಿದೆ. ಕೆಂಪಿಂದ ಕಪ್ಪಿಗೆ. ನಿಮ್ಮ ಯಂತ್ರ ಹಾಗೆ ಹೋಗುತ್ತಾ?"

"ಇಲ್ಲ."

"ಎಷ್ಟು ಸಡಿಲ ಮಾಡಿದ್ರೂ?"

"ಎಷ್ಟು ಮಾಡಿದ್ರೂ. ಬಣ್ಣ ಬದಲಿಸೋಕೆ ಅದಕ್ಕೆ ಬರಲ್ಲ."

"ಹಾಗಾದ್ರೆ ಆಚೆ ಕಡೆ ಇನ್ನೊಂದು ಚುಕ್ಕಿ ಇರ್ಬೇಕು. ಮನುಷ್ಯರು ಇಟ್ಟಿದ್ದು."

ಅವನು ವರದಿಯ ಹಳೆಯ ಕೆಲಸವನ್ನು ತೆರೆದ. ಗೆರೆ ಇಲ್ಲ, ಚುಕ್ಕಿಗಳು ಮಾತ್ರ. ಎರಡು ಪುಟ್ಟ ಬಿಳಿ ಚುಕ್ಕಿ, ಸೀಳಿನ ಈಚೆಗೊಂದು ಆಚೆಗೊಂದು, ಹೊಸಿಲಿನ ಎರಡೂ ಬದಿ ಬಿಟ್ಟ ಚಪ್ಪಲಿಗಳಂತೆ. ಈಚೆಯದು ಕೆಂಪಿನ ಮೇಲೆ. ಆಚೆಯದು ಕಪ್ಪಿನ ಮೇಲೆ. ಈ ಎರಡು ಒಂದಕ್ಕೊಂದು ಹೊಂದುತ್ತವೆಯೇ ಎಂದು ಯಂತ್ರ ಕೇಳುವುದಿಲ್ಲವೇ ಎಂದು ಇನ್‌ಸ್ಪೆಕ್ಟರಮ್ಮ ವಿಚಾರಿಸಿದರು. ಇಲ್ಲವಂತೆ. ಚುಕ್ಕಿ ಇಡುವವರು ಬಲ್ಲವರು, ಅವರನ್ನು ಪ್ರಶ್ನಿಸಬಾರದು ಎಂದು ಅವನೇ ಹಾಗೆ ಬರೆದಿದ್ದನಂತೆ. ಮಾವನವರಿಗೆ ಮರ್ಯಾದೆ ಎಂದು.

ಮರ್ಯಾದೆಯಿಂದ ಇಷ್ಟು ಜನ ಸತ್ತದ್ದನ್ನು ಇನ್‌ಸ್ಪೆಕ್ಟರಮ್ಮ ಇತಿಹಾಸದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಮೇಲೆ ಆ ದಪ್ಪ ಹಳದಿ ಗೆರೆ ಬೇರೆ. ಕೆಳಗಿನ ಬಣ್ಣವನ್ನು ಅದು ಪೂರ್ತಿ ಮುಚ್ಚಿಬಿಟ್ಟಿತ್ತು. ನೋಡಿದವರೆಲ್ಲ ಗೆರೆಯನ್ನು ನೋಡಿದರು.

"ಯಾರು ಇಟ್ಟಿದ್ದು?"

"ಮಾವನವರು. ಹೆಸರು ಅವರದ್ದೇ ಇದೆಯಲ್ಲ."

ಇನ್‌ಸ್ಪೆಕ್ಟರಮ್ಮ ಎದ್ದು ಕಿಟಕಿಯ ಪಕ್ಕದ ಮೇಜಿಗೆ ಹೋದರು. ಅದು ಪದರಪ್ಪನವರ ಮೇಜು. ಕುರ್ಚಿಯ ಬೆನ್ನಿಗೆ ಸ್ವೆಟರ್ ಇನ್ನೂ ನೇತಾಡುತ್ತಿತ್ತು, ಮೊಣಕೈಗಳ ಆಕಾರ ಅದರಲ್ಲಿ ಉಳಿದಿತ್ತು. ಅವರು ಅಲ್ಲಿಯ ಕಂಪ್ಯೂಟರಿನಲ್ಲಿ ಅದೇ ಚಿತ್ರ ತೆರೆಯಲು ಹೇಳಿದರು. ಅಳಿಯ ಬಂದು ತೆರೆದ. ಬರುವಾಗ ಸ್ವೆಟರಿಗೆ ತಾಗದಂತೆ ಸುತ್ತಿಕೊಂಡು ಬಂದ.

ಅಲ್ಲಿ ಬಣ್ಣವಿರಲಿಲ್ಲ. ಬಿಳಿ, ಬೂದು, ಕಪ್ಪು ಅಷ್ಟೆ. ಬಣ್ಣದ ಪರದೆ ಬಂದ ದಿನದಿಂದಲೂ ಪದರಪ್ಪ ಅದನ್ನು ಒಗ್ಗಿಸಿಕೊಂಡಿರಲಿಲ್ಲ. ಬಣ್ಣ ನನಗೆ ಸುಳ್ಳು ಹೇಳುತ್ತದೆ ಎನ್ನುತ್ತಿದ್ದರಂತೆ. ಕಚೇರಿಯವರು ಅದನ್ನು ಅಜ್ಜನ ಬೂದು ಸಿನಿಮಾ ಎಂದು ಆಡಿಕೊಳ್ಳುತ್ತಿದ್ದರು. ಕೆಂಪು ಇರಬೇಕಾದಲ್ಲಿ ಇಲ್ಲಿ ಬಿಳಿ ಇತ್ತು, ಬಿಳಿ ಇರಬೇಕಾದಲ್ಲಿ ಬೂದು, ಕಪ್ಪು ಕಪ್ಪಾಗಿಯೇ ಇತ್ತು. ಮುರಿತದ ಜಾಗದಲ್ಲಿ ಬಿಳಿ ಹೋಗಿ ಕಪ್ಪಿಗೆ ಢಿಕ್ಕಿ ಹೊಡೆಯುತ್ತಿತ್ತು. ಸೀಳು ಬಿಟ್ಟ ತಟ್ಟೆಯಂತೆ, ಬಾಗಿಲಲ್ಲಿ ನಿಂತವರಿಗೂ ಕಾಣುವಷ್ಟು.

"ಇದನ್ನ ಕಾಣದೇ ಇರೋಕೆ ನಿಮ್ಮ ಮಾವ ಕಣ್ಣು ಮುಚ್ಕೊಂಡು ಕೂರ್ಬೇಕಿತ್ತು. ಅವರು ಕೂತೇ ಇಲ್ಲ ಅಲ್ವಾ? ಹಾಜರಿ ಪುಸ್ತಕ ನೋಡಿದೀನಿ, ಆ ವಾರ ಜ್ವರ ಬಂದು ಮನೇಲಿ ಮಲಗಿದ್ರು. ಮುಗಿದ ನಕ್ಷೆನ ಯಾರೋ ಹಾಸಿಗೆ ಹತ್ರ ತಗೊಂಡು ಹೋಗಿ ಸಹಿ ಹಾಕಿಸ್ಕೊಂಡ್ರು. ಗೆರೆ ಸಮೇತ. ಮನೆಯವರೇ ಮಾಡಿದ್ದು ಅಂತ ಅವರೂ ಹಾಕಿಬಿಟ್ರು."

ಅಳಿಯ ಮಾವನ ಕುರ್ಚಿಯನ್ನೇ ನೋಡುತ್ತ ನಿಂತಿದ್ದ. ಆಮೇಲೆ, "ನಾನೇ ಇಟ್ಟೆ. ಬರ್ಕೊಳ್ಳಿ" ಎಂದ.

ತಪ್ಪಿತಸ್ಥರು ಒಪ್ಪಿಕೊಳ್ಳುವಾಗ ಉಗುಳು ನುಂಗುತ್ತಾರೆ. ಇವನು ಹಿಡಿದಿದ್ದ ಉಸಿರನ್ನು ಹೊರಗೆ ಬಿಟ್ಟ. ಭಾರ ಇಳಿಸಿದವನ ಹಾಗೆ ಅಲ್ಲ, ಭಾರ ಕೊನೆಗೂ ತನ್ನ ಕೈಗೆ ಸಿಕ್ಕಿತು ಎಂಬವನ ಹಾಗೆ. ಇನ್‌ಸ್ಪೆಕ್ಟರಮ್ಮನಿಗೆ ಅದು ಹಿಡಿಸಲಿಲ್ಲ.

"ಆಚೆ ಚುಕ್ಕಿ ಯಾವ ಬಣ್ಣದ ಮೇಲಿದೆ?"

"ಕಪ್ಪು."

"ಈಚೆದು?"

"ಕೆಂಪು."

"ಅಷ್ಟು ಚೆನ್ನಾಗಿ ಕಾಣ್ತಿದೆ. ಕಂಡೂ ಇಟ್ರಾ?"

"ಗಡಿಬಿಡಿಯಲ್ಲಿ... ವರದಿ ಕೊಡೋ ದಿನ ಬಂದಿತ್ತು."

"ಗಡಿಬಿಡಿಯಲ್ಲಿ ಕೈ ಜಾರಬಹುದು, ಕೆಂಪು ಕಪ್ಪಾಗಲ್ಲ. ಬೇಕಂತಲೇ ಮೋಸ ಮಾಡಿದ್ರಿ ಅನ್ನೋಣ ಅಂದ್ರೆ, ಅಷ್ಟು ಕಷ್ಟ ಯಾಕೆ? ಯಂತ್ರನ ಮೇಲಿನ ಪಟ್ಟೆಗೆ ಹಾರೋಕೆ ಬಿಟ್ಟಿದ್ರೆ ಸಾಕಿತ್ತು. ಗೆರೆನೂ ಪೂರ್ತಿ ಆಗ್ತಿತ್ತು, ತಪ್ಪೂ ಯಂತ್ರದ್ದಾಗ್ತಿತ್ತು. ಈ ಚುಕ್ಕಿ ಇಟ್ಟವರು ಮೋಸ ಮಾಡಿಲ್ಲ. ಎರಡೂ ಒಂದೇ ಅಂತ ನಂಬಿ ಇಟ್ಟಿದಾರೆ."

ಹೇಳುತ್ತ ಹೇಳುತ್ತಲೇ ಅವರ ಮಾತು ನಿಧಾನವಾಯಿತು.

ಅವರಿಗೊಬ್ಬ ತಮ್ಮನಿದ್ದ. ರೈಲು ಓಡಿಸಬೇಕೆಂದು ಆಸೆಪಟ್ಟು, ಕಣ್ಣಿನ ಪರೀಕ್ಷೆಯಲ್ಲಿ ಬಿದ್ದು, ಈಗ ಟಿಕೆಟ್ ಕೊಡುತ್ತ ಕೂತಿದ್ದಾನೆ. ಅವನ ಪಾಲಿಗೆ ಕೆಂಪು ಎಂಬುದು ಕಪ್ಪಿಗೆ ಜನ ಇಟ್ಟ ಇನ್ನೊಂದು ಹೆಸರು. ಗಂಡುಮಕ್ಕಳಿಗೆ ಇದು ತಾಯಿಯ ಕಡೆಯಿಂದಲೇ ಬಂದುಬಿಡುತ್ತದೆ ಎಂದು ಆಗ ವೈದ್ಯರು ಅಮ್ಮನಿಗೆ ತಿಳಿಹೇಳಿದ್ದರು. ಹೆಣ್ಣುಮಕ್ಕಳಲ್ಲಿ ಬಲು ಅಪರೂಪ. ಬಂದರೆ ಮಾತ್ರ, ಅಪ್ಪನಿಗೂ ಇದೆಯೆಂದೇ ಲೆಕ್ಕ.

ಬಣ್ಣ ನನಗೆ ಸುಳ್ಳು ಹೇಳುತ್ತದೆ.

ಬೆಳಗಿನ ಚಹದ ಸಿಹಿ ಈಗ, ಇಷ್ಟು ಹೊತ್ತಿನ ಮೇಲೆ, ಇನ್‌ಸ್ಪೆಕ್ಟರಮ್ಮನ ನಾಲಿಗೆಗೆ ಮರಳಿ ಬಂತು. ಇದು ಅಪ್ಪನದ್ದೇ ಎಂದಾಗ ಆ ಮಗಳ ಕೈಯಲ್ಲಿದ್ದ ಮುಚ್ಚಳವೂ ಕಣ್ಣ ಮುಂದೆ ಬಂತು. ಕಡುಗೆಂಪು.

ಆಕೆಯ ಕಣ್ಣಿನಿಂದ ಈ ಪರದೆಯನ್ನು ನೋಡಲು ಪ್ರಯತ್ನಿಸಿದರು. ಕೆಂಪೂ ಕಪ್ಪೇ. ಕಪ್ಪು, ಬಿಳಿ, ಕಪ್ಪು, ಬಿಳಿ. ಆಗ ಮುರಿತವೇ ಇಲ್ಲ. ಈಚೆಯ ಪಟ್ಟೆ ಆಚೆಯ ಪಟ್ಟೆಗೆ ನೆಟ್ಟಗೆ ಸೇರಿಬಿಡುತ್ತದೆ. ಯಂತ್ರ ಸುಮ್ಮಸುಮ್ಮನೆ ನಿಂತಿದೆ ಎನಿಸುತ್ತದೆ. ಅಪ್ಪನಿಗೆ ಜ್ವರ, ವರದಿಗೆ ಹೊತ್ತಾಯಿತು, ಪಾಪದ ಯಂತ್ರಕ್ಕೆ ಒಂದು ಚುಕ್ಕಿ ಇಟ್ಟು ದಾಟಿಸಿದರೆ ಏನು ತಪ್ಪು?

ತಲೆ ಎತ್ತಿದಾಗ ಅಳಿಯ ಅವರನ್ನೇ ನೋಡುತ್ತಿದ್ದ. ಅವರಿಗೆ ತಿಳಿಯಿತೆಂದು ಅವನಿಗೂ ತಿಳಿದಿತ್ತು.

"ಅವಳಿಗೆ ಗೊತ್ತಿಲ್ಲ ಮೇಡಂ" ಎಂದ, ಬಹಳ ಮೆಲ್ಲಗೆ. "ಹುಟ್ಟಿದಾಗಿನಿಂದ ಹಾಗೇ ಕಂಡಿದ್ದು. ಎಲ್ಲರಿಗೂ ಹಾಗೇ ಕಾಣುತ್ತೆ ಅಂದ್ಕೊಂಡಿದಾಳೆ. ಮಾವ ತಮ್ಮದನ್ನ ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳಿರ್ಲಿಲ್ಲ. ಹುಡುಗಿಗೆ ಬಂದಿರಬಹುದು ಅಂತ ಅವರ ತಲೆಗೇ ಹೊಳೆದಿಲ್ಲ. ಸುರಂಗ ಬಿದ್ದ ಮೇಲೆ ಬಂದು ಇದನ್ನ ತೆಗೆದು ನೋಡಿದ್ರು. ನೋಡಿ ಸುಮ್ಮನೆ ಕೂತ್ಬಿಟ್ರು."

"ನಿಮಗೆ?"

"ಅವರು ಹೋದ ಮೇಲೆ. ಒಂದಕ್ಕೊಂದು ಕೂಡಿಸಿ ನೋಡಿದೆ." ಅವನ ದನಿ ಒಡೆಯಲಿಲ್ಲ, ಸವೆಯಿತು. "ಏಳು ಜನ ಮೇಡಂ. ಅದರ ಮೇಲೆ ಅಪ್ಪ. ಅಷ್ಟನ್ನೂ ಹೊತ್ಕೊಂಡು ಅವಳು ಬದುಕ್ತಾಳಾ? ಕಡತ ಮುಚ್ಚಿ ಅಂತ ನಾನು ಹೇಳಲ್ಲ. ಮುಚ್ಚಿದ್ರೆ ಅಪ್ಪನ ಹೆಸರು ಹೋಯ್ತು ಅಂತ ಸಾಯ್ತಾಳೆ. ತೆರೆದ್ರೆ ಇದು ಗೊತ್ತಾಗಿ ಸಾಯ್ತಾಳೆ. ನನ್ನ ಹೆಸರು ಬರೆದ್ರೆ ಎರಡೂ ಆಗಲ್ಲ. ಗಂಡ ಕೆಟ್ಟವನು ಅಂತ ಆಗುತ್ತೆ, ಅದು ಎಷ್ಟೋ ಮನೇಲಿ ಇರೋದೇ."

ಇನ್‌ಸ್ಪೆಕ್ಟರಮ್ಮನಿಗೆ, ಸತ್ಯ ಹೊರಬಂದರೆ ಎಲ್ಲರಿಗೂ ಒಳ್ಳೆಯದು ಎಂಬ ಮಾತನ್ನು ತರಬೇತಿಯಲ್ಲಿ ಹೇಳಿಕೊಟ್ಟಿದ್ದವರು ಇಂಥ ಕೋಣೆಯಲ್ಲಿ ಕೂತವರಲ್ಲ.

ಅಷ್ಟರಲ್ಲಿ ಬಾಗಿಲು ತೆರೆಯಿತು.

ಮಗಳು. ಮೇಲಿನ ಮಹಡಿಯಿಂದ ಇಳಿದು ಬಂದಿದ್ದಳು, ಬೆರಳಿಗೆ ಇನ್ನೂ ಅಂಟಿನ ಕಲೆ. ಒಳಗಿನ ಮಬ್ಬಿಗೆ ಕಣ್ಣು ಕಿರಿದು ಮಾಡಿ, ಕಡತ ಮುಚ್ಚಿಬಿಟ್ಟಿರಾ ಮೇಡಂ ಎಂದು ಕೇಳಿದಳು. ಇನ್ನೂ ಇಲ್ಲಮ್ಮ ಎಂದರು ಇನ್‌ಸ್ಪೆಕ್ಟರಮ್ಮ.

ಅಳಿಯ ಎರಡು ಹೆಜ್ಜೆಯಲ್ಲಿ ತನ್ನ ಮೇಜಿಗೆ ಹೋಗಿ ಬಣ್ಣದ ಪರದೆಗೆ ಅಡ್ಡ ನಿಂತಿದ್ದ. ಅವಸರದ ಗಂಡಸರಿಗೆ ತಮ್ಮ ಬೆನ್ನು ತಮಗನಿಸಿದಷ್ಟು ಅಗಲವಿರುವುದಿಲ್ಲ. ಅವನ ಭುಜದ ಪಕ್ಕದಿಂದ ಆ ಎರಡು ಚುಕ್ಕಿಗಳೂ ಕಾಣುತ್ತಿದ್ದವು.

"ರೀ, ಸ್ವಲ್ಪ ಪಕ್ಕಕ್ಕೆ ಬನ್ನಿ."

"ನೀನು ಮನೆಗೆ ನಡಿ. ನಾನು ಬರ್ತೀನಿ."

ಆಕೆ ನಡೆಯಲಿಲ್ಲ. ಅವನ ತೋಳನ್ನು ಮೆತ್ತಗೆ ಸರಿಸಿ, ಬಗ್ಗಿ ನೋಡಿದಳು. ಮುಖದಲ್ಲಿ ಒಂದು ಬಗೆಯ ನೆಮ್ಮದಿ ಮೂಡಿತು. ಕಳೆದುಹೋದ ವಸ್ತು ಇಟ್ಟ ಜಾಗದಲ್ಲೇ ಸಿಕ್ಕಾಗ ಮೂಡುವಂಥದ್ದು.

"ಇದೇ ಮೇಡಂ, ನಾನು ಬೆಳಗ್ಗೆ ಹೇಳಿದ್ದು. ಇದನ್ನ ಇಟ್ಟಿದ್ದೂ ನಾನೇ, ಅಪ್ಪಂಗೆ ಜ್ವರ ಅಂತ. ಹೇಳಿದ್ರೆ ಇವರ ಕೆಲಸಕ್ಕೆ ಕುತ್ತು ಬರುತ್ತೆ ಅಂತ ಹೇಳಿರ್ಲಿಲ್ಲ." ಆಕೆ ಅಂಟಿನ ಬೆರಳನ್ನು ಈಚೆಯ ಚುಕ್ಕಿಯ ಮೇಲಿಟ್ಟು, ನೆಟ್ಟಗೆ ಆಚೆಯದಕ್ಕೆ ಎಳೆದಳು. ಕೆಂಪಿನಿಂದ ಕಪ್ಪಿಗೆ, ಎಲ್ಲೂ ತಡವರಿಸದೆ. "ತಪ್ಪೆಲ್ಲಿದೆ ನೀವೇ ಹೇಳಿ. ಎರಡೂ ಕೆಂಪಿನ ಮೇಲೇ ಇದೆಯಲ್ಲ."

ಕಿಟಕಿಯ ಬಳಿ ಪದರಪ್ಪನವರ ಬೂದು ಪರದೆ ತನ್ನ ಸೀಳನ್ನು ತೋರಿಸುತ್ತ ಉರಿಯುತ್ತಿತ್ತು. ಆಕೆ ಆ ಕಡೆ ತಿರುಗಿರಲಿಲ್ಲ.

"ಅವತ್ತು ಸಂಜೆ ಅಪ್ಪಂಗೂ ಇದನ್ನೇ ಹೇಳ್ದೆ" ಎಂದಳು, ಬೆರಳು ಇನ್ನೂ ಗಾಜಿನ ಮೇಲೆಯೇ ಇತ್ತು. "ತಾರಸಿ ಮೇಲೆ. ಎಷ್ಟು ಹೇಳಿದ್ರೂ ಕೇಳ್ಲಿಲ್ಲ ಅವರು."

ಇನ್‌ಸ್ಪೆಕ್ಟರಮ್ಮ ಅಳಿಯನ ಕಡೆ ನೋಡಿದರು. ಅವನ ಬಾಯಿ ಅರ್ಧ ತೆರೆದಿತ್ತು. ಇದು ಅವನಿಗೂ ಹೊಸ ಮಾತು.

ಅವರು ಸದ್ದಿಲ್ಲದೆ ಬಾಗಿಲ ತನಕ ನಡೆದುಹೋಗಿ, ಅಗುಳಿ ಹಾಕಿದರು.